ಸ್ಕೈರಿಮ್‌ನಲ್ಲಿ ಕತ್ತಿ ಮುಟ್ಟದೆ ಬರೀ ಮ್ಯಾಜಿಕ್‌ನಲ್ಲಿ ಆಡಿದವರು ಇದ್ದೀರಾ?

ಮಂಜಿನಬೆಟ್ಟ

ಎಲ್ಲರಿಗೂ ನಮಸ್ಕಾರ. 2011ರ ನವೆಂಬರ್ 11ಕ್ಕೆ ಸ್ಕೈರಿಮ್ ಗೇಮ್ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಅಲ್ಲಿಂದ ಇಲ್ಲಿವರೆಗೆ ಎಷ್ಟು ಸಲ ಹೊಸದಾಗಿ ಶುರು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ "ಈ ಸಲ ಮಂತ್ರವಾದಿ" ಅಂತಲೇ ಹೊರಡುತ್ತೇನೆ. 20ನೇ ಲೆವೆಲ್ ಹೊತ್ತಿಗೆ ಕೈಗೆ ಬಿಲ್ಲು ಬಂದಿರುತ್ತದೆ. ನಿಮ್ಮಲ್ಲಿ ಸುಮಾರು ಜನಕ್ಕೆ ಹೀಗೇ ಆಗಿರಬೇಕು, ಅಲ್ವಾ?

ಈ ಸಲ ಹಟ ಹಿಡಿದೆ. ಬ್ರೆಟನ್ ಜನಾಂಗದ ಪಾತ್ರ, ಮೈಮೇಲೆ ಬರೀ ನಿಲುವಂಗಿ, ಕತ್ತಿ ಇಲ್ಲ, ಬಿಲ್ಲು ಇಲ್ಲ, ಡಿಫಿಕಲ್ಟಿ ಎಕ್ಸ್‌ಪರ್ಟ್. ಈಗ 45ನೇ ಲೆವೆಲ್‌ನಲ್ಲಿದ್ದೇನೆ. ಇಷ್ಟು ದೂರ ಬಂದ ಮೇಲೆ ಈ ಮ್ಯಾಜಿಕ್ ಬಗ್ಗೆ ಮನಸ್ಸಿನಲ್ಲಿ ಇರುವುದನ್ನೆಲ್ಲ ಹೇಳಿಬಿಡೋಣ ಅನ್ನಿಸಿತು.

ಮೊದಲು ಪ್ರೀತಿ. ಕೈಗಳ ಲೆಕ್ಕ ನನಗೆ ತುಂಬಾ ಇಷ್ಟ. ಎಡಗೈಗೆ ಒಂದು ಸ್ಪೆಲ್, ಬಲಗೈಗೆ ಒಂದು. ಎರಡೂ ಕೈಗೆ ಒಂದನ್ನೇ ಹಾಕಿ ಒಟ್ಟಿಗೆ ಒತ್ತಿದರೆ, ಡ್ಯುಯಲ್ ಕಾಸ್ಟಿಂಗ್ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇದ್ದರೆ, ಎರಡೂ ಸೇರಿ ಒಂದೇ ದೊಡ್ಡ ಸ್ಪೆಲ್ ಆಗುತ್ತದೆ. ಶಕ್ತಿ 2.2 ಪಟ್ಟು, ಖರ್ಚು 2.8 ಪಟ್ಟು. ಅಂಗೈಯಲ್ಲಿ ಬೆಂಕಿ ಹೊತ್ತಿದಾಗ ಅದರ ಸದ್ದು ಕೇಳುತ್ತಾ ಕತ್ತಲೆ ಗುಹೆಯೊಳಗೆ ಹೋಗುವ ಖುಷಿ ಬೇರೆ ಯಾವ ಗೇಮ್‌ನಲ್ಲೂ ನನಗೆ ಸಿಕ್ಕಿಲ್ಲ.

ಬೆಂಕಿ, ಹಿಮ, ಮಿಂಚು ಮೂರೂ ಬರೀ ಬಣ್ಣ ಬದಲಾದ ಒಂದೇ ಸ್ಪೆಲ್ ಅಲ್ಲ. ಬೆಂಕಿ ತಗುಲಿದವನು ಆಮೇಲೂ ಸ್ವಲ್ಪ ಹೊತ್ತು ಉರಿಯುತ್ತಾನೆ. ಹಿಮ ಕಾಲು ಕಟ್ಟಿಹಾಕುತ್ತದೆ, ಸ್ಟ್ಯಾಮಿನಾ ಇಳಿಸುತ್ತದೆ. ಮಿಂಚು ಎದುರಿನವನ ಮ್ಯಾಜಿಕಾ, ಅಂದರೆ ಸ್ಪೆಲ್ ಹಾಕೋಕೆ ಖರ್ಚಾಗುವ ಶಕ್ತಿಯನ್ನು, ತಿನ್ನುತ್ತದೆ. ಗೇಮ್‌ನ ಜನಾಂಗಗಳಲ್ಲಿ ನಾರ್ಡ್ ಜನಕ್ಕೆ ಹಿಮ ಅರ್ಧ ತಟ್ಟುವುದೇ ಇಲ್ಲ, ಡನ್ಮರ್ ಜನಕ್ಕೆ ಬೆಂಕಿ ಹಾಗೆ. ಎದುರಿಗೆ ಯಾರು ನಿಂತಿದ್ದಾರೆ ಅಂತ ನೋಡಿ ಕೈ ಬದಲಿಸಬೇಕು. ಇದು ಚೆನ್ನಾಗಿದೆ.

ಈಗ ಬೇಜಾರು. ಫೈರ್‌ಬೋಲ್ಟ್ ಕಲಿತ ದಿನ ಅದರ ಡ್ಯಾಮೇಜ್ 25. ಬೆಂಕಿ, ಹಿಮ, ಮಿಂಚು ಎಸೆಯುವ ಸ್ಕಿಲ್ ಆದ ಡಿಸ್ಟ್ರಕ್ಷನ್ 100 ಮುಟ್ಟಿದ ದಿನವೂ 25. ಸ್ಕಿಲ್ ಏರಿದರೆ ಖರ್ಚು ಕಡಿಮೆಯಾಗುತ್ತದೆ, ಏಟು ದೊಡ್ಡದಾಗುವುದಿಲ್ಲ. ಆಗ್ಮೆಂಟೆಡ್ ಫ್ಲೇಮ್ಸ್ ಪರ್ಕ್ ಎರಡು ಸಲ ತೆಗೆದುಕೊಂಡರೆ ಅರ್ಧದಷ್ಟು ಜಾಸ್ತಿ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಕತ್ತಿ ಹಿಡಿದವನನ್ನು ನೋಡಿ. ಸ್ಕಿಲ್ ಏರಿದರೆ ಏಟು ಏರುತ್ತದೆ. ಆರ್ಮ್ಸ್‌ಮನ್ ಪರ್ಕ್ ಐದು ಸಲ ತೆಗೆದುಕೊಂಡರೆ ದುಪ್ಪಟ್ಟು. ಸಾಣೆಕಲ್ಲಿನಲ್ಲಿ ಉಜ್ಜಿದರೆ ಇನ್ನಷ್ಟು, ಎನ್‌ಚಾಂಟ್ ಮಾಡಿದರೆ, ಅಂದರೆ ವಸ್ತುವಿಗೆ ಮಾಂತ್ರಿಕ ಗುಣ ತುಂಬಿದರೆ, ಮತ್ತಷ್ಟು.

ಮೊನ್ನೆ ಒಂದು ಸಮಾಧಿ ಗುಹೆಯ ಕೊನೆಯ ಕೋಣೆಯಲ್ಲಿ ಡ್ರಾಗರ್ (ಸತ್ತು ಎದ್ದ ಹೆಣ) ಜಾತಿಯ ಬಲಿಷ್ಠ ಡೆತ್‌ಲಾರ್ಡ್ ಎದ್ದು ಬಂದ. ಡ್ರಾಗರ್‌ಗಳಿಗೆ ಹಿಮ ಅರ್ಧವೇ ತಟ್ಟುವುದು, ಹಾಗಾಗಿ ಎರಡೂ ಕೈಯಲ್ಲಿ ಇನ್ಸಿನರೇಟ್ ಅನ್ನುವ ಬೆಂಕಿ ಸ್ಪೆಲ್. ಮೂರು ಸಲ ಎಸೆದೆ, ಮ್ಯಾಜಿಕಾ ಖಾಲಿ. ಅವನ ಹೆಲ್ತ್ ಪಟ್ಟಿ ಅರ್ಧವೂ ಇಳಿದಿರಲಿಲ್ಲ. ಹೋರಾಟ ನಡೆಯುವಾಗ ಮ್ಯಾಜಿಕಾ ತುಂಬುವ ವೇಗ ಮಾಮೂಲಿಯ ಮೂರನೇ ಒಂದು ಭಾಗ ಮಾತ್ರ. ಅಲ್ಲಿದ್ದ ಕಂಬಕ್ಕೆ ಸುತ್ತು ಹಾಕುತ್ತಾ ಆ ನೀಲಿ ಪಟ್ಟಿ ತುಂಬುವುದನ್ನೇ ನೋಡುತ್ತಿದ್ದೆ. ಅವನು ಫುಸ್ ರೋ ದಾ ಅನ್ನುವ ಶೌಟ್ (ಕೂಗಿನಿಂದಲೇ ಹೊಡೆಯುವ ಶಕ್ತಿ) ಕೂಗಿ ನನ್ನನ್ನು ಗೋಡೆಗೆ ಎಸೆದ. ನಾಲ್ಕು ಸಲ ಸತ್ತೆ. ಐದನೇ ಸಲ ಹಿಂದೆ ತಿರುಗಿ ಬಾಗಿಲಿಗೆ ಓಡಿ ಸೇವ್ ಮಾಡಿ ಮಲಗಿದೆ.

ಈ ಮ್ಯಾಜಿಕ್ ನಿಜವಾಗಿಯೂ ಸೊರಗಿದೆಯಾ, ಇಲ್ಲ ನಾನು ಆಡುವ ರೀತಿಯೇ ತಪ್ಪಾ?

ಬೂದಿಗುಡ್ಡ

ಇಂಪ್ಯಾಕ್ಟ್ ಪರ್ಕ್ ತೆಗೆದುಕೊಂಡಿದ್ದೀರಾ ಗುರು? ಡಿಸ್ಟ್ರಕ್ಷನ್ 40ಕ್ಕೇ ಸಿಗುತ್ತದೆ. ಡ್ಯುಯಲ್ ಕಾಸ್ಟ್ ಮಾಡಿದ ಪ್ರತಿ ಏಟಿಗೂ ಎದುರಿನವನು ಹಿಂದಕ್ಕೆ ವಾಲುತ್ತಾನೆ. ಡ್ರ್ಯಾಗನ್ ಕೂಡ ವಾಲುತ್ತದೆ.

ಇನ್ನೊಂದು, ಎನ್‌ಚಾಂಟಿಂಗ್ ಬಿಟ್ಟು ಮಂತ್ರವಾದಿ ಆಗೋಕೆ ಹೋಗಬೇಡಿ. ಎನ್‌ಚಾಂಟಿಂಗ್ 100 ಮಾಡಿ, ಪರ್ಕ್ ಎಲ್ಲ ತೆಗೆದುಕೊಂಡು, ಅತಿ ದೊಡ್ಡ ಆತ್ಮ, ಅಂದರೆ ಗ್ರ್ಯಾಂಡ್ ಸೋಲ್ ಹಾಕಿದರೆ ಒಂದೊಂದು ವಸ್ತುವಿಗೆ ಡಿಸ್ಟ್ರಕ್ಷನ್ ಖರ್ಚು 25 ಶೇಕಡಾ ಇಳಿಯುತ್ತದೆ. ತಲೆಗೆ, ಮೈಗೆ, ಉಂಗುರಕ್ಕೆ, ಸರಕ್ಕೆ. ನಾಲ್ಕು ಇಪ್ಪತ್ತೈದು ನೂರು. ಆಮೇಲೆ ಮ್ಯಾಜಿಕಾ ಅನ್ನುವುದೇ ನಿಮಗೆ ಬೇಡ. ಡೆತ್‌ಲಾರ್ಡ್ ನಿಂತಲ್ಲೇ ವಾಲುತ್ತಾ ವಾಲುತ್ತಾ ಸಾಯುತ್ತಾನೆ. ನಾನು ಲೆಜೆಂಡರಿ ಡಿಫಿಕಲ್ಟಿಯಲ್ಲೇ ಹೀಗೆ ಮುಗಿಸಿದ್ದೇನೆ.

ಮಂಜಿನಬೆಟ್ಟ

ಇಂಪ್ಯಾಕ್ಟ್ ಇದೆ. ಆದರೆ ವಾಲಿಸೋಕೂ ಮ್ಯಾಜಿಕಾ ಬೇಕಲ್ಲ, ಮೂರು ಏಟಿಗೆ ನಿಲ್ಲುತ್ತದೆ. ಎನ್‌ಚಾಂಟಿಂಗ್ ಉಪಾಯ ನನಗೂ ಗೊತ್ತು. ಬೇಕಂತಲೇ ಬಿಟ್ಟಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಆ ನಾಲ್ಕು ವಸ್ತು ಹಾಕಿಕೊಳ್ಳುವವರೆಗೆ ನಾನು ಬಡವ. ಹಾಕಿಕೊಂಡ ಮರುಕ್ಷಣ ನನಗೆ ಯಾವ ಲೆಕ್ಕವೂ ಬೇಡ. ನಡುವೆ ಏನೂ ಇಲ್ಲ. ಮಂತ್ರವಾದಿಗೆ ಸಿಗುವ ಅತಿ ದೊಡ್ಡ ಶಕ್ತಿ ಅವನು ಮಂತ್ರ ಅಭ್ಯಾಸ ಮಾಡಿದ್ದರಿಂದ ಬರುವುದಿಲ್ಲ, ಮೇಜಿನ ಮುಂದೆ ಕೂತು ಕಠಾರಿಗಳನ್ನು ಸಾಲಾಗಿ ಎನ್‌ಚಾಂಟ್ ಮಾಡಿದ್ದರಿಂದ ಬರುತ್ತದೆ. ಡಿಸ್ಟ್ರಕ್ಷನ್ ಅನ್ನುವ ಮರದ ತುದಿಯಲ್ಲಿ ಆ ಶಕ್ತಿ ಇದ್ದಿದ್ದರೆ ನನಗೆ ಏನೂ ತಕರಾರು ಇರುತ್ತಿರಲಿಲ್ಲ.

ತುಂಬೆಹೂ

ಒಂದು ತಿದ್ದುಪಡಿ. ಡಿಸ್ಟ್ರಕ್ಷನ್ ಏಟು ಏರುವ ದಾರಿ ಪರ್ಕ್ ಒಂದೇ ಅಲ್ಲ. ಬಟ್ಟೆ, ಉಂಗುರದ ಮೇಲಿನ ಫಾರ್ಟಿಫೈ ಡಿಸ್ಟ್ರಕ್ಷನ್ ಖರ್ಚು ಇಳಿಸುತ್ತದೆ, ನಿಜ. ಆದರೆ ಅದೇ ಹೆಸರಿನ ಪೋಶನ್ ಕುಡಿದರೆ ಏಟೇ ಜಾಸ್ತಿಯಾಗುತ್ತದೆ. ಹೆಸರು ಒಂದು, ಕೆಲಸ ಎರಡು. ಗೇಮ್ ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ, ಅದು ಅದರ ತಪ್ಪು. ಗುಹೆಗಳಲ್ಲಿ ಹೊಳೆಯುವ ಗ್ಲೋಯಿಂಗ್ ಮಶ್ರೂಮ್, ಸ್ಮಶಾನದ ಹತ್ತಿರ ಸಿಗುವ ನೇರಳೆ ಹೂವಿನ ನೈಟ್‌ಶೇಡ್, ಎರಡನ್ನೂ ಸೇರಿಸಿ ಮಾಡಿ ನೋಡಿ. ಆಲ್ಕೆಮಿ ಕೂಡ ಮಂತ್ರವಾದಿಯ ಕೆಲಸವೇ ಅಲ್ವಾ, ಅದನ್ನು ಮೋಸ ಅಂತ ನಾನು ಅನ್ನುವುದಿಲ್ಲ.

ಆದರೆ ನಿಜವಾಗಿ ಹೇಳಬೇಕಾದ್ದು ಬೇರೆ. ನೀವು ಇಷ್ಟುದ್ದ ಬರೆದಿರಿ, ಮ್ಯಾಜಿಕ್‌ನ ಒಂದೇ ಸ್ಕೂಲ್, ಅಂದರೆ ಒಂದೇ ವಿಭಾಗದ ಬಗ್ಗೆ. ಐದರಲ್ಲಿ ಒಂದು. ಈ ಗೇಮ್ ಬಗ್ಗೆ ಎಲ್ಲಿ ಮಾತು ಬಂದರೂ ಹೀಗೇ ಆಗುತ್ತದೆ. ಮ್ಯಾಜಿಕ್ ಅಂದರೆ ಬೆಂಕಿ ಎಸೆಯೋದು ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ.

ನಾನು ಎದುರಿನವರ ಮನಸ್ಸನ್ನೇ ಆಡಿಸುವ ಇಲ್ಯೂಷನ್ ಸ್ಕೂಲ್ ಆಡುವವಳು. ವೈಟ್‌ರನ್ ಊರಿನಿಂದ ಉತ್ತರಕ್ಕೆ ಹೋದರೆ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್ ಇದೆ. ಮರದ ಬೇಲಿ ಹಾಕಿಕೊಂಡ ಕಳ್ಳರ ಬಿಡಾರ. ನಾನು ಬಾಗಿಲಿಗೆ ಹೋಗುವುದೇ ಇಲ್ಲ. ಹೆಜ್ಜೆ ಸದ್ದು ಅಡಗಿಸುವ ಮಫಲ್ ಹಾಕಿಕೊಂಡು ಬಂಡೆ ಮೇಲೆ ಕುಕ್ಕುರುಗಾಲಲ್ಲಿ ಕೂರುತ್ತೇನೆ. ಕ್ವಯಟ್ ಕಾಸ್ಟಿಂಗ್ ಪರ್ಕ್ ಇರುವುದರಿಂದ ಸ್ಪೆಲ್ ಹಾಕಿದರೂ ಸದ್ದು ಬರುವುದಿಲ್ಲ. ಕಾವಲು ತಿರುಗುವವನಿಗೆ ಒಂದು ಫ್ರೆಂಜಿ. ಅವನ ಮೈಗೆ ಕೆಂಪು ಹೊಗೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತವನ ಕಡೆ ತಿರುಗಿ ಕೊಡಲಿ ಎತ್ತುತ್ತಾನೆ. ಆಮೇಲೆ ನಾನು ಮಾಡುವುದು ಏನೂ ಇಲ್ಲ. ಉಳಿದ ಒಬ್ಬ ನನ್ನ ಕಡೆ ಓಡಿ ಬಂದರೆ ಕಾಮ್ ಹಾಕುತ್ತೇನೆ. ಅವನು ಕತ್ತಿ ಒಳಗಿಟ್ಟು ಸುಮ್ನೆ ನಿಲ್ಲುತ್ತಾನೆ. ಪಕ್ಕದಲ್ಲೇ ನಡೆದು ಗಣಿ ಒಳಗೆ ಹೋಗುತ್ತೇನೆ.

ಈ ಸ್ಕೂಲ್‌ಗೂ ಮಿತಿ ಇದೆ. ಫ್ಯೂರಿ 6ನೇ ಲೆವೆಲ್‌ವರೆಗೆ, ಕಾಮ್ 9ರವರೆಗೆ, ಫ್ರೆಂಜಿ 14ರವರೆಗೆ, ಅದಕ್ಕಿಂತ ಮೇಲಿನವರಿಗೆ ತಟ್ಟುವುದಿಲ್ಲ. ಆದರೆ ಇಲ್ಲಿ ಪರ್ಕ್‌ಗಳು ಆ ಮಿತಿಯನ್ನು ಒಂದೊಂದಾಗಿ ಎತ್ತುತ್ತಾ ಹೋಗುತ್ತವೆ. ಮನುಷ್ಯರಿಗೆ ಬೇರೆ ಪರ್ಕ್, ಪ್ರಾಣಿಗಳಿಗೆ ಬೇರೆ. ಡ್ಯುಯಲ್ ಕಾಸ್ಟ್ ಮಾಡಿದರೆ ಮತ್ತೂ ಏರುತ್ತದೆ. ಕೊನೆಗೆ 90ಕ್ಕೆ ಮಾಸ್ಟರ್ ಆಫ್ ದ ಮೈಂಡ್ ಸಿಗುತ್ತದೆ. ಅಲ್ಲಿಂದ ಸತ್ತು ಎದ್ದ ಡ್ರಾಗರ್, ಬೇರೆ ಲೋಕದ ಡೇಡ್ರಾ, ಪುರಾತನ ಡ್ವೆಮರ್ ಜನರ ಯಂತ್ರ, ಎಲ್ಲಕ್ಕೂ ಇಲ್ಯೂಷನ್ ತಟ್ಟುತ್ತದೆ. ನೀವು ಡಿಸ್ಟ್ರಕ್ಷನ್‌ನಲ್ಲಿ ಹುಡುಕುತ್ತಿರುವ ಬೆಳವಣಿಗೆ ಇದೇ ಗೇಮ್‌ನಲ್ಲಿ ಇದೆ. ಪಕ್ಕದ ಮರದಲ್ಲಿ.

ಹಳೇಸೇವ್

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಆದರೂ ನನ್ನ ಸಂಕಟ ಬೇರೆ ಇದೆ. ನಾನು ಇದೇ ಸರಣಿಯ ಹಳೆಯ ಗೇಮ್, 2002ರ ಮೋರೋವಿಂಡ್‌ನಿಂದ ಬಂದವನು.

ಮೋರೋವಿಂಡ್‌ನಲ್ಲಿ, 2006ರ ಒಬ್ಲಿವಿಯನ್‌ನಲ್ಲಿ, ಸ್ಪೆಲ್ಲನ್ನು ನಾವೇ ಕಟ್ಟಬಹುದಿತ್ತು. ಯಾವ ಪರಿಣಾಮ, ಎಷ್ಟು ಜೋರು, ಎಷ್ಟು ಸೆಕೆಂಡ್, ಮುಟ್ಟಿ ಹಾಕುವುದೋ ದೂರದಿಂದ ಎಸೆಯುವುದೋ. ಒಂದೊಂದಕ್ಕೂ ಮ್ಯಾಜಿಕಾ ಬೆಲೆ ಏರುತ್ತದೆ, ಇಳಿಯುತ್ತದೆ. ಹೆಸರು ಕೂಡ ನಾವೇ ಇಡೋದು. ನನ್ನ ಒಂದು ಸ್ಪೆಲ್ ಹೆಸರು "ಅಂಗಡಿ" ಅಂತಿತ್ತು. ಎದುರಿನವನಿಗೆ ನನ್ನ ಮೇಲೆ ಪ್ರೀತಿ ಹುಟ್ಟಿಸುವ ಚಾರ್ಮ್ 100, ಒಂದೇ ಸೆಕೆಂಡ್. ಒಂದೇ ಸೆಕೆಂಡ್ ಆದ್ದರಿಂದ ಖರ್ಚು ಕಡಿಮೆ. ಅಂಗಡಿಯವನಿಗೆ ಹಾಕಿ ತಕ್ಷಣ ಮಾತಾಡಿಸಬೇಕು. ಮಾತು ಶುರುವಾದರೆ ಗೇಮ್‌ನಲ್ಲಿ ಕಾಲ ನಿಲ್ಲುತ್ತದೆ, ಆ ಒಂದು ಸೆಕೆಂಡ್ ಮುಗಿಯುವುದೇ ಇಲ್ಲ. ವ್ಯಾಪಾರ ಎಲ್ಲ ಸ್ನೇಹಿತನ ರೇಟಿಗೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಲೈಡರ್ ಎಳೆಯುತ್ತಾ ಎಳೆಯುತ್ತಾ ಹೊಳೆದಿದ್ದು. ಅವತ್ತು ನಾನು ನಿಜವಾಗಿ ಮಂತ್ರವಾದಿ ಅನ್ನಿಸಿತ್ತು.

ಮೋರೋವಿಂಡ್‌ನಲ್ಲಿ ಲೆವಿಟೇಶನ್, ಅಂದರೆ ಗಾಳಿಯಲ್ಲಿ ತೇಲುವ ಸ್ಪೆಲ್, ಇತ್ತು. ಟೆಲ್ವಾನಿ ಮನೆತನದ ಮಂತ್ರವಾದಿಗಳು ಅಣಬೆ ಗೋಪುರಗಳಲ್ಲಿ ಇರುತ್ತಿದ್ದರು, ಮೇಲಕ್ಕೆ ಹೋಗೋಕೆ ಮೆಟ್ಟಿಲಿಲ್ಲ. ಹಾರೋಕೆ ಬರುವವನು ಮಾತ್ರ ಒಡೆಯನನ್ನು ಭೇಟಿ ಮಾಡಬಹುದು. ಮನೆ ಕಟ್ಟಿದ ರೀತಿಯಲ್ಲೇ ಅವರು ಎಂಥ ಜನ ಅಂತ ಗೊತ್ತಾಗುತ್ತದೆ. ಶುರುವಿನ ಊರು ಸೇಡಾ ನೀನ್‌ನಿಂದ ಸ್ವಲ್ಪ ಮುಂದೆ ಹೋದರೆ ಆಕಾಶದಿಂದ ಒಬ್ಬ ಕೂಗುತ್ತಾ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಮೂರು ಸ್ಕ್ರೋಲ್ ಇರುತ್ತವೆ. ಓದಿದರೆ ಏಳು ಸೆಕೆಂಡ್ ಅಕ್ರೋಬ್ಯಾಟಿಕ್ಸ್ (ಜಿಗಿಯುವ ಸ್ಕಿಲ್) 1000 ಏರುತ್ತದೆ. ಹಾರಬಹುದು, ಇಳಿಯುವಾಗ ಅದು ಮುಗಿದಿರುತ್ತದೆ. ಮ್ಯಾಜಿಕ್ ಅಂದರೆ ಏನು ಅಂತ ಆ ಗೇಮ್ ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡುತ್ತಿತ್ತು.

ಒಬ್ಲಿವಿಯನ್‌ನಲ್ಲಿ ಲೆವಿಟೇಶನ್ ಹೋಯಿತು. ಸ್ಕೈರಿಮ್‌ನಲ್ಲಿ ಸ್ಪೆಲ್ ಕಟ್ಟುವುದೇ ಹೋಯಿತು, ಮಿಸ್ಟಿಸಿಸಂ ಅನ್ನುವ ಸ್ಕೂಲ್ ಕೂಡ ಹೋಯಿತು. ಬೀಗ ತೆಗೆಯುವ ಸ್ಪೆಲ್ ಇಲ್ಲ. ಮಂಜಿನಬೆಟ್ಟ ಅವರೇ, ನಿಮ್ಮ ಡೆತ್‌ಲಾರ್ಡ್ ಎದುರು ಹಳೆಯ ಗೇಮ್‌ನಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತಾ? ಬೆಂಕಿಗೆ ದುರ್ಬಲವಾಗುವ ಸ್ಪೆಲ್ ಒಂದು ಕಟ್ಟಿ, ಮ್ಯಾಜಿಕ್‌ಗೆ ದುರ್ಬಲವಾಗುವ ಇನ್ನೊಂದು ಕಟ್ಟಿ, ಒಂದರ ಮೇಲೊಂದು ಹಾಕಿ, ಆಮೇಲೆ ಸಣ್ಣ ಬೆಂಕಿ ಎಸೆಯುತ್ತಿದ್ದೆ. ಅಷ್ಟು ಸಾಕಿತ್ತು. ಏಟು ದೊಡ್ಡದಾಗಿದ್ದು ನನ್ನ ತಲೆಯಿಂದ.

ಕಾಡುಮಲ್ಲಿಗೆ

ಹಳೇಸೇವ್ ಅಣ್ಣಾ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಇದನ್ನು ಒಪ್ಪುವುದಿಲ್ಲ. ನಾನು ಸ್ಕೈರಿಮ್ ಮೊದಲು ಆಡಿ, 2025ರ ಏಪ್ರಿಲ್‌ನಲ್ಲಿ ಒಬ್ಲಿವಿಯನ್ ರೀಮಾಸ್ಟರ್ ಬಂದ ಮೇಲೆ ಅದನ್ನು ಆಡಿದವಳು. ಸ್ಪೆಲ್ ಕಟ್ಟೋಕೆ ಆರ್ಕೇನ್ ಯೂನಿವರ್ಸಿಟಿಗೆ ಹೋಗಬೇಕೆಂದರೆ ಏಳು ಊರಿನ ಮೇಜಸ್ ಗಿಲ್ಡ್‌ (ಮಂತ್ರವಾದಿಗಳ ಸಂಘ) ಗಳಿಂದ ಶಿಫಾರಸು ತರಬೇಕು. ಅಷ್ಟು ಓಡಾಡಿ, ಅದರ ಬಾಗಿಲು ದಾಟಿದಾಗ ಕಣ್ಣು ತುಂಬಿ ಬಂದಿತ್ತು. ಅದರ ಬೆಲೆ ನನಗೆ ಗೊತ್ತು.

ಆದರೆ ಕಟ್ಟಿದ ಮೇಲೆ ಏನಾಯಿತು? ನನ್ನ ಸ್ಪೆಲ್‌ಗಳೆಲ್ಲ ನೋಡೋಕೆ ಒಂದೇ ಥರ. ಕೆಂಪು ಉಂಡೆ, ನೀಲಿ ಉಂಡೆ. ಒಳಗಿನ ಅಂಕಿ ಮಾತ್ರ ಬೇರೆ. ಎರಡು ವಾರದಲ್ಲಿ ಎಲ್ಲದಕ್ಕೂ ಸಾಕಾಗುವ ಒಂದು ಸ್ಪೆಲ್ ಸಿಕ್ಕಿತು, ಉಳಿದ ಗೇಮ್ ಪೂರ್ತಿ ಅದೊಂದನ್ನೇ ಒತ್ತುತ್ತಿದ್ದೆ.

ಸ್ಕೈರಿಮ್‌ನಲ್ಲಿ ಒಂದೊಂದು ಸ್ಪೆಲ್‌ಗೂ ಒಂದು ಆಕಾರ ಇದೆ. ಫ್ಲೇಮ್ಸ್ ಹೊಳೆಯ ಹಾಗೆ ಹರಿಯುತ್ತದೆ. ರೂನ್ ನೆಲಕ್ಕೆ ಅಂಟಿ ಕಾಯುತ್ತದೆ. ವಾಲ್ ಸ್ಪೆಲ್‌ನಿಂದ ಬಾಗಿಲಿಗೆ ಅಡ್ಡ ಗೆರೆ ಎಳೆಯಬಹುದು. ಕ್ಲೋಕ್ ಮೈಸುತ್ತ ಉರಿಯುತ್ತದೆ. ಚೈನ್ ಲೈಟ್ನಿಂಗ್ ಒಬ್ಬನಿಂದ ಇನ್ನೊಬ್ಬನಿಗೆ ಹಾರುತ್ತದೆ. ಓಣಿಯಲ್ಲಿ ರೂನ್ ಇಟ್ಟು, ಅದರ ಹಿಂದೆ ವಾಲ್ ಎಳೆದು, ಫ್ಲೇಮ್ ಅಟ್ರೊನಾಕ್ ಅನ್ನುವ ಬೆಂಕಿ ಜೀವಿಯನ್ನು ಕರೆದು ಮುಂದೆ ನಿಲ್ಲಿಸಿದರೆ ಅದೂ ತಲೆಯ ಕೆಲಸವೇ. ಅದು ಮೆನುವಿನಲ್ಲಿ ನಡೆಯುವುದಿಲ್ಲ, ನೆಲದ ಮೇಲೆ ನಡೆಯುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಹಳೇಸೇವ್

ಆಕಾರದ ಮಾತು ಒಪ್ಪಿದೆ ತಂಗಿ. ಅದು ನನಗೆ ಹೊಳೆದಿರಲಿಲ್ಲ. ರೂನ್, ವಾಲ್, ಕ್ಲೋಕ್ ಎಲ್ಲ ಇಟ್ಟುಕೊಂಡೇ, ಎಷ್ಟು ಹೊತ್ತು ಉರಿಯಬೇಕು, ಎಷ್ಟು ಅಗಲ ಅಂತ ತಿದ್ದೋಕೆ ಕೊಟ್ಟಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಎರಡರಲ್ಲಿ ಒಂದು ಅಂತ ಯಾಕೆ ಆಯ್ತು ಅನ್ನೋದೇ ನನ್ನ ದುಃಖ.

ಕರೆಂಟ್‌ಹೋಯ್ತು

ಆಡುವಾಗ ಆಗುವ ಒಂದು ಸಣ್ಣ ತೊಂದರೆ ಹೇಳುತ್ತೇನೆ. ಮಂತ್ರವಾದಿಗೆ ಹತ್ತಿಪ್ಪತ್ತು ಸ್ಪೆಲ್ ಕೈಗೆಟುಕಬೇಕು. ಪಿಸಿಯಲ್ಲಿ 1ರಿಂದ 8ರವರೆಗೆ ಹಾಟ್‌ಕೀ ಅಷ್ಟೇ. ಅದರ ಮೇಲೆ ಎಡಗೈಗೆ, ಬಲಗೈಗೆ ಅಂತ ಬೇರೆ ಬೇರೆ. ಉಳಿದದ್ದಕ್ಕೆ ಫೇವರಿಟ್ಸ್ ಮೆನು ತೆಗೆಯಬೇಕು. ಪ್ರತಿ ಹೋರಾಟದಲ್ಲಿ ಗೇಮ್ ನಿಂತು, ಮೆನು ಬಂದು, ಹುಡುಕಿ, ಮತ್ತೆ ಶುರು. ಕತ್ತಿಯವನಿಗೆ ಈ ಕಷ್ಟವೇ ಇಲ್ಲ. ಒಂದು ಸಲ ಹಿಡಿದರೆ ಮುಗೀತು.

ಬೂದಿಗುಡ್ಡ

ಹೌದು. ನಾನು ಕೊನೆಗೆ ಎಂಟೇ ಸ್ಪೆಲ್ ಬಳಸುತ್ತಿದ್ದೆ, ಕಾರಣ ಅದೇ.

ಗುಡ್ಡದಮನೆ

ನನಗೆ ನೋವಾಗಿದ್ದು ಸ್ಕೈರಿಮ್‌ನಲ್ಲಿ ಮಂತ್ರ ಕಲಿಸುವ ವಿಂಟರ್‌ಹೋಲ್ಡ್ ಕಾಲೇಜಿನಲ್ಲಿ. ಊರಿನ ಬಹುಭಾಗ ಸಮುದ್ರಕ್ಕೆ ಕುಸಿದು ಹೋಗಿದೆ, ಕಾಲೇಜು ಮಾತ್ರ ಬಂಡೆ ತುದಿಯಲ್ಲಿ ನಿಂತಿದೆ. ಊರಿನವರು ಮಂತ್ರವಾದಿಗಳನ್ನೇ ಅನುಮಾನದಿಂದ ನೋಡುತ್ತಾರೆ. ಸೇತುವೆ ಬಾಗಿಲಲ್ಲಿ ಫರಾಲ್ಡಾ ನಿಲ್ಲಿಸಿ ಒಂದು ಸ್ಪೆಲ್ ಹಾಕಿ ತೋರಿಸು ಅನ್ನುತ್ತಾಳೆ. ಒಳಗೆ ಟೋಲ್ಫ್‌ಡಿರ್ ಮೊದಲ ಪಾಠದಲ್ಲಿ ವಾರ್ಡ್ (ಮಂತ್ರದ ಗುರಾಣಿ) ಹಿಡಿಯೋಕೆ ಹೇಳುತ್ತಾನೆ. ಅಲ್ಲಿವರೆಗೆ ಎಷ್ಟು ಚೆಂದ!

ಆಮೇಲೆ ಪಾಠವೇ ಇಲ್ಲ. ಕಾಲೇಜಿನ ಕಥೆಯಲ್ಲಿ ಬರುವ ಎಮ್‌ಜುಲ್ಫ್ಟ್ ಅನ್ನುವ ಪಾಳು ಜಾಗದಲ್ಲಿ ಯಂತ್ರ ಸರಿಮಾಡೋಕೆ ಫ್ಲೇಮ್ಸ್, ಫ್ರಾಸ್ಟ್‌ಬೈಟ್ ಬೇಕು, ಅದರ ಪುಸ್ತಕ ಕೂಡ ಅಲ್ಲೇ ಇಟ್ಟಿರುತ್ತಾರೆ. ಲ್ಯಾಬಿರಿಂಥಿಯನ್ ಬಾಗಿಲುಗಳಿಗೂ ಅಂಥವೇ. ನನ್ನ ತಮ್ಮ ಎರಡು ಕೈ ಕೊಡಲಿ ಹಿಡಿದ ಆರ್ಕ್ ಪಾತ್ರದಲ್ಲಿ ಕಾಲೇಜಿನ ಮುಖ್ಯಸ್ಥ, ಅಂದರೆ ಆರ್ಚ್‌ಮೇಜ್ ಆದ. ನಾನು ಅದೇ ಪಟ್ಟಕ್ಕೆ ಐದೂ ಸ್ಕೂಲ್ ಕಲಿತು ಹೋಗಿದ್ದೆ. ಇಬ್ಬರಿಗೂ ಅದೇ ಕೋಣೆ, ಅದೇ ನಿಲುವಂಗಿ, ಅದೇ ಮಾತು.

ಶೌಟ್ ಕಲಿಸುವ ಗ್ರೇಬಿಯರ್ಡ್‌ಗಳನ್ನು ನೋಡಿ. 7000 ಮೆಟ್ಟಿಲು ಹತ್ತಿಸುತ್ತಾರೆ. ಮೌನ, ಧ್ಯಾನ, ಒಂದೊಂದು ಪದಕ್ಕೂ ಅರ್ಥ ಇದೆ. ಮಂತ್ರ ಅಂದಾಗ ನಮ್ಮ ಮನಸ್ಸಿಗೆ ಬರುವ ಗಂಭೀರತೆ ಪೂರ್ತಿ ಶೌಟ್‌ಗೆ ಹೋಗಿದೆ. ಅದಕ್ಕೆ ಮ್ಯಾಜಿಕಾ ಬೇಡ, ಓದು ಬೇಡ, ಕೊಡಲಿ ಹಿಡಿದವನಿಗೂ ಸಿಗುತ್ತದೆ. ಕಾಲೇಜಿನ ಪಾಲಿಗೆ ಏನೂ ಉಳಿದಿಲ್ಲ ಅನ್ನಿಸಿತು.

ತುಂಬೆಹೂ

ಗುಡ್ಡದಮನೆ ಅವರೇ, ನಿಮ್ಮ ಮಾತು ಓದಿ ಹೊಟ್ಟೆ ಉರಿಯಿತು. ಯಾಕೆಂದರೆ ಅದು ನಿಜ. ಕೊನೆಯಲ್ಲಿ ಸಿಗುವ ಮಾಸ್ಟರ್ ಸ್ಪೆಲ್‌ಗಳಿಗೆ ಮಾತ್ರ ಸ್ಕಿಲ್ ಏರಿದ ಮೇಲೆ ಗುರುಗಳು ಕರೆದು ಒಂದು ಪರೀಕ್ಷೆ ಕೊಡುತ್ತಾರೆ. ಇಲ್ಯೂಷನ್‌ಗೆ ಡ್ರೆವಿಸ್ ನೆಲೋರೆನ್ ಕಣ್ಣಿಗೆ ಕಾಣದ ನಾಲ್ಕು ಪುಸ್ತಕ ಹುಡುಕಿಸುತ್ತಾನೆ. ಅದಕ್ಕಾಗಿ ಬೇರೆ ಥರ ನೋಡುವ ಕಣ್ಣು ಕೊಡುತ್ತಾನೆ. ಇಡೀ ಕಾಲೇಜು ಮಧ್ಯರಾತ್ರಿ ತಿರುಗಿದ್ದೆ. ಅಂಥ ಪರೀಕ್ಷೆ ಪ್ರತಿ ಮೆಟ್ಟಿಲಿಗೂ ಇರಬೇಕಿತ್ತು.

ಒಂದು ಒಳ್ಳೆಯದೂ ಹೇಳಿಬಿಡುತ್ತೇನೆ. ಆ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್ ಗಣಿ ಒಳಗೆ ಟ್ರಾನ್ಸ್‌ಮ್ಯೂಟ್ ಅನ್ನುವ ಪುಸ್ತಕ ಸಿಗುತ್ತದೆ. ಆಲ್ಟರೇಷನ್ ಸ್ಪೆಲ್. ಕಬ್ಬಿಣದ ಅದಿರು ಬೆಳ್ಳಿ ಅದಿರಾಗುತ್ತದೆ, ಮತ್ತೆ ಹಾಕಿದರೆ ಚಿನ್ನ. ಅದೇ ಗಣಿಯಲ್ಲಿ ಕಬ್ಬಿಣ ಬೇಕಾದಷ್ಟಿದೆ. ಪಿಕಾಸಿಯಲ್ಲಿ ಅಗೆದು, ಅಲ್ಲೇ ನಿಂತು ಚಿನ್ನ ಮಾಡಿ, ವೈಟ್‌ರನ್‌ಗೆ ಹೋಗಿ ಕರಗಿಸಿ ಉಂಗುರ ಮಾಡಿ ಮಾರಿದೆ. ಯಾರನ್ನೂ ಕೊಲ್ಲದೆ, ಒಬ್ಬ ಮಂತ್ರವಾದಿ ಬದುಕುವ ರೀತಿ ಇದು. ಮ್ಯಾಜಿಕ್ ಹೋರಾಟ ಬಿಟ್ಟು ಹೊರಗೆ ಬಂದಾಗಲೆಲ್ಲ ಈ ಗೇಮ್ ಮುದ್ದಾಗಿ ಕಾಣುತ್ತದೆ. ಅಂಥವು ತುಂಬಾ ಕಡಿಮೆ, ಅಷ್ಟೇ.

ಕಾಡುಮಲ್ಲಿಗೆ

ಪಿಸಿ ಇರುವವರು ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ಹಾಕಿ ನೋಡಿ. ಪರ್ಕ್ ಮರ ಪೂರ್ತಿ ಬದಲಾಗಬೇಕು ಅಂದರೆ ಆರ್ಡಿನೇಟರ್. ಸ್ಪೆಲ್ ಕಡಿಮೆ ಅನ್ನಿಸಿದರೆ ಅಪೊಕ್ಯಾಲಿಪ್ಸ್, ಅದರಲ್ಲಿ 155 ಹೊಸ ಸ್ಪೆಲ್ ಇವೆ, ಗೇಮ್‌ನವೇ ಏನೋ ಅನ್ನುವಷ್ಟು ಹೊಂದಿಕೊಳ್ಳುತ್ತವೆ. ಆದರೆ ಮೊದಲ ಸಲ ಆಡುವವರು ದಯವಿಟ್ಟು ಮಾಡ್ ಇಲ್ಲದೆ ಆಡಿ. ಎಲ್ಲಿ ನೋಯುತ್ತದೆ ಅಂತ ಗೊತ್ತಾದ ಮೇಲೆ ಔಷಧಿ ಹಾಕೋಣ.

ಮಂಜಿನಬೆಟ್ಟ

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಇಲ್ಲಿ ಬರಲಿಲ್ಲ, ತುಂಬೆಹೂ ಅವರ ಮಾತು ಕೇಳಿ ಆಡುತ್ತಿದ್ದೆ.

ಮೊದಲು ಪೋಶನ್ ಮಾಡಿದೆ. ಗ್ಲೋಯಿಂಗ್ ಮಶ್ರೂಮ್, ನೈಟ್‌ಶೇಡ್. ಕುಡಿದು ಇನ್ಸಿನರೇಟ್ ಎಸೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇಷ್ಟು ವರ್ಷ ಆ ಅಣಬೆಗಳನ್ನು ದಾಟಿಕೊಂಡು ಓಡಾಡಿದ್ದೇನೆ.

ಆಮೇಲೆ ಹಾಲ್ಟೆಡ್ ಸ್ಟ್ರೀಮ್‌ಗೆ ಹೋದೆ. ಬೆಂಕಿ ಮುಟ್ಟಲ್ಲ ಅಂತ ಹಟ. ನನ್ನ ಇಲ್ಯೂಷನ್ 40ರ ಹತ್ತಿರ ಇತ್ತು, ಮೊದಲ ಫ್ರೆಂಜಿ ತಟ್ಟಲೇ ಇಲ್ಲ. ಅವರೆಲ್ಲ ನನ್ನ ಕಡೆ ಓಡಿ ಬಂದರು, ಸತ್ತೆ. ಎರಡನೇ ಸಲ ಡ್ಯುಯಲ್ ಕಾಸ್ಟ್ ಪರ್ಕ್ ತೆಗೆದುಕೊಂಡು ಹೋದೆ. ಬಂಡೆ ಮೇಲಿಂದ ಎರಡೂ ಕೈಯಲ್ಲಿ ಎಸೆದು ಕೂತೆ. ಕೆಳಗೆ ಒಬ್ಬ ಇನ್ನೊಬ್ಬನ ಮೇಲೆ ಬಿದ್ದ. ಕಿರುಚಾಟ ಕೇಳಿ ಗಣಿ ಬಾಗಿಲ ಹತ್ತಿರ ಇದ್ದವನೂ ಬಂದ. ನನ್ನ ಮ್ಯಾಜಿಕಾ ಮತ್ತೆ ತುಂಬುವಷ್ಟರಲ್ಲಿ ಒಬ್ಬನೇ ಉಳಿದಿದ್ದ. ಮೊದಲ ಸಲ ಆ ನೀಲಿ ಪಟ್ಟಿ ತುಂಬೋದನ್ನು ಗಾಬರಿ ಇಲ್ಲದೆ ನೋಡಿದೆ.

ಡಿಸ್ಟ್ರಕ್ಷನ್ ಬಗ್ಗೆ ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಬೆಳೆಯುವುದಿಲ್ಲ, ಅಗ್ಗವಾಗುತ್ತದೆ ಅಷ್ಟೇ. ಆದರೆ ಆ ಒಂದು ಮರವನ್ನು ನೋಡಿ ಇಡೀ ತೋಟಕ್ಕೆ ಬೈದೆ, ಅದು ನನ್ನ ತಪ್ಪು.

ಈಗ ಇಲ್ಯೂಷನ್ 62. ಡೆತ್‌ಲಾರ್ಡ್ ಕೋಣೆಯ ಬಾಗಿಲಲ್ಲಿ ಮಾಡಿದ ಸೇವ್ ಹಾಗೇ ಇಟ್ಟಿದ್ದೇನೆ. ಮಾಸ್ಟರ್ ಆಫ್ ದ ಮೈಂಡ್‌ಗೆ ಇನ್ನು 28 ಬೇಕು. ಆ ಕೋಣೆಯಲ್ಲಿ ಅವನ ಜೊತೆ ಇನ್ನೂ ಇಬ್ಬರು ಡ್ರಾಗರ್ ಇದ್ದಾರೆ. 90 ಆದ ರಾತ್ರಿ ಒಳಗೆ ಹೋಗಿ ಅವನಿಗೇ ಫ್ರೆಂಜಿ ಎಸೆಯುತ್ತೇನೆ. ಏನಾಯ್ತು ಅಂತ ಇಲ್ಲೇ ಬಂದು ಬರೆಯುತ್ತೇನೆ.